ಕಂಪ್ಯೂಟರ್ ಪೆಟ್ಟಿಗೆಗೂ ಬೇಕು ಕಿಟಕಿ

ಕಳೆದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನನ್ನ ತಂಗಿಯ ಮಗಳು ಫೋನ್ ಮಾಡಿದಳು. ಸ್ವರದಲ್ಲೇ ಅಳು ತುಂಬಿತ್ತು. "ದೊಡ್ಡಮ್ಮಾ, ಇವತ್ತೂ ಆಫ್ ಆಯಿತು. ಮೂರು ಗಂಟೆಯ ಕೆಲಸ ಹೋಯಿತು" ಎಂದಳು.

ಆಕೆಯ ಗಂಡ ದಮ್ಮಾಮಿನಲ್ಲಿದ್ದಾನೆ. ಎರಡು ಪುಟ್ಟ ಮಕ್ಕಳು, ವಯಸ್ಸಾದ ಅತ್ತೆ. ಮನೆಯಲ್ಲೇ ಕುಳಿತು ಏನಾದರೂ ಸಂಪಾದಿಸಬೇಕೆಂದು ಮೂರು ವರ್ಷದ ಹಿಂದೆ ವಿಡಿಯೋ ಎಡಿಟಿಂಗ್ ಕಲಿತಳು. ಟ್ಯೂಷನ್ ಪಾಠದ ವಿಡಿಯೋಗಳು, ಮದುವೆ ಮನೆಯ ವಿಡಿಯೋಗಳು, ಹೀಗೆ ತಿಂಗಳಿಗೆ ನಾಲ್ಕಾರು ಕೆಲಸ ಸಿಗುತ್ತದೆ. ಅದಕ್ಕಾಗಿ ಕೂಡಿಟ್ಟ ಹಣದಲ್ಲಿ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಿಕೊಂಡಿದ್ದಳು. ಈಗ ಅದು ದಿನಾ ಮಧ್ಯಾಹ್ನ ಏಕಾಏಕಿ ನಿಂತುಬಿಡುತ್ತಿತ್ತು. ಅಂಗಡಿಗೆ ಒಯ್ದರೆ, ಅವರು ಅದನ್ನು ಬಿಚ್ಚಿಯೂ ನೋಡದೆ "ಮದರ್‌ಬೋರ್ಡ್ ಹೋಗಿದೆ, ಪ್ರೊಸೆಸರ್ ಸಹ ಹೋಗಿರಬಹುದು, ಎರಡೂ ಹೊಸತು ಹಾಕಬೇಕು" ಎಂದರಂತೆ. ಅವರು ಹೇಳಿದ ಮೊತ್ತ ಕೇಳಿ ಬಳೆ ಅಡವಿಡುವ ಯೋಚನೆಯಲ್ಲಿದ್ದಳು.

ನಾನು ಆಕೆಗೆ ಎರಡು ಪ್ರಶ್ನೆ ಕೇಳಿದೆ. ಬೆಳಗ್ಗೆ ಆರು ಗಂಟೆಗೆ ಕೆಲಸ ಮಾಡಿದರೂ ಹೀಗೆ ಆಫ್ ಆಗುತ್ತದೆಯೇ? "ಇಲ್ಲ, ಬೆಳಗ್ಗೆ ಏನೂ ತೊಂದರೆಯಿಲ್ಲ." ಆಫ್ ಆದ ಕೂಡಲೇ ಆನ್ ಮಾಡಿದರೆ? "ಎರಡು ನಿಮಿಷದಲ್ಲಿ ಮತ್ತೆ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಹಾಕಿದರೆ ನಡೆಯುತ್ತದೆ."

ಕೆಟ್ಟ ಮದರ್‌ಬೋರ್ಡಿಗೆ ಬೆಳಗ್ಗೆ-ಮಧ್ಯಾಹ್ನದ ವ್ಯತ್ಯಾಸ ಇಷ್ಟು ನಿಖರವಾಗಿ ಗೊತ್ತಾಗುವುದು ಅಪರೂಪ. ಇದು ಸೆಕೆಯ ಕಾಯಿಲೆ. "ಅಂಗಡಿಗೆ ಹೋಗಬೇಡ, ಬಳೆಯನ್ನೂ ಮುಟ್ಟಬೇಡ, ಭಾನುವಾರ ನಾನೇ ಬರುತ್ತೇನೆ" ಎಂದೆ. ಕೆಲವು ವರ್ಷ ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿದವಳು ನಾನು. ಅದಕ್ಕಿಂತ ಹೆಚ್ಚಾಗಿ, ಇದೇ ತಪ್ಪನ್ನು ಸ್ವತಃ ಮಾಡಿ ಒಂದು ಕಂಪ್ಯೂಟರನ್ನು ಕೊಂದವಳು. ಆ ಕಥೆ ಆಮೇಲೆ ಹೇಳುತ್ತೇನೆ.

ಸಹೋದರಿಯರೇ, ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ಯಂತ್ರ ಎಂದು ನಾವು ತಿಳಿದಿದ್ದೇವೆ. ಆದರೆ ವಿದ್ಯುತ್ತಿನ ದೃಷ್ಟಿಯಿಂದ ನೋಡಿದರೆ ಅದೊಂದು ಒಲೆ. ಅದು ಪ್ಲಗ್‌ನಿಂದ ಎಳೆದುಕೊಳ್ಳುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ವಿಡಿಯೋ ಎಡಿಟಿಂಗ್ ಮಾಡುವಾಗ ಸಾಧಾರಣ ಡೆಸ್ಕ್‌ಟಾಪ್ ಒಂದು 250 ವ್ಯಾಟ್ ಬಳಸಿತೆಂದು ಇಟ್ಟುಕೊಳ್ಳಿ. ಹಿಂದೆ ನಮ್ಮ ಮನೆಗಳಲ್ಲಿದ್ದ ಹಳದಿ ಬೆಳಕಿನ 60 ವ್ಯಾಟ್ ಬಲ್ಬು ನೆನಪಿದೆಯೇ? ಉರಿಯುತ್ತಿರುವಾಗ ಮುಟ್ಟಿದರೆ ಬೆರಳು ಸುಡುತ್ತಿತ್ತು. ಅಂಥ ನಾಲ್ಕು ಬಲ್ಬುಗಳನ್ನು ಒಂದು ಪೆಟ್ಟಿಗೆಯೊಳಗೆ ಹಚ್ಚಿಟ್ಟು ಮುಚ್ಚಳ ಮುಚ್ಚಿದ ಹಾಗೆ.

ಈ ಶಾಖವನ್ನು ಹೊತ್ತೊಯ್ಯಲು ಪೆಟ್ಟಿಗೆಯೊಳಗೆ ಇರುವುದು ಗಾಳಿ ಮಾತ್ರ. ಗಾಳಿಯೋ ಬಹಳ ಬಡ ಕೂಲಿಯಾಳು. ಒಂದು ಘನ ಮೀಟರ್, ಅಂದರೆ 1000 ಲೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ ಅಷ್ಟೇ. ಅದು ಹೊರುವ ಶಾಖವೂ ಅಷ್ಟೇ ಕಡಿಮೆ. ಲೆಕ್ಕ ಹಾಕಿದರೆ, 250 ವ್ಯಾಟ್ ಶಾಖವನ್ನು ಹೊರಹಾಕುವಾಗ ಪೆಟ್ಟಿಗೆಯ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಾದರೆ, ಸೆಕೆಂಡಿಗೆ ಸುಮಾರು 21 ಲೀಟರ್ ಗಾಳಿ ಒಳಬಂದು ಹೊರಹೋಗಬೇಕು. ನಾವು ಬಟ್ಟೆ ನೆನೆಹಾಕುವ ದೊಡ್ಡ ಬಕೆಟ್ ಇದೆಯಲ್ಲ, ಪ್ರತಿ ಸೆಕೆಂಡಿಗೂ ಅದರ ಒಂದು ಬಕೆಟ್ ಗಾಳಿ. ಅರ್ಧ ಬಕೆಟ್ ಮಾತ್ರ ಹೋದರೆ ಪೆಟ್ಟಿಗೆಯ ಗಾಳಿ 20 ಡಿಗ್ರಿ ಏರುತ್ತದೆ. ಮಂಗಳೂರಿನ ಏಪ್ರಿಲಿನಲ್ಲಿ ಕೋಣೆಯೇ 33 ಡಿಗ್ರಿ ಇದ್ದಾಗ ಒಳಗಡೆ 53. ಆ 53 ಡಿಗ್ರಿಯ ಗಾಳಿಯಿಂದ ಪ್ರೊಸೆಸರನ್ನು ತಣಿಸಬೇಕು ಎಂದರೆ, ಕುದಿಯುವ ಗಂಜಿಯನ್ನು ಬಿಸಿನೀರಿನಲ್ಲಿಟ್ಟು ಆರಿಸಿದ ಹಾಗೆ.

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬಹಳ ಮಂದಿ ಇದನ್ನು ತಪ್ಪು ತಿಳಿಯುತ್ತಾರೆ. ನಮಗೆ ಫ್ಯಾನಿನ ಕೆಳಗೆ ತಂಪೆನಿಸುವುದು ಬೆವರು ಆರುವುದರಿಂದ. ಕಂಪ್ಯೂಟರ್ ಬೆವರುವುದಿಲ್ಲ. ಎಷ್ಟೇ ಫ್ಯಾನು ಹಾಕಿದರೂ ಅದರ ಒಳಗು ಕೋಣೆಗಿಂತ ತಂಪಾಗಲಾರದು. ಕೋಣೆ 5 ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಬಿಸಿ ಏರುತ್ತದೆ. ಬೆಳಗ್ಗೆ ನಡೆದದ್ದು ಮಧ್ಯಾಹ್ನ ನಡೆಯದಿರಲು ಇದೇ ಕಾರಣ.

ಇಂದಿನ ಪ್ರೊಸೆಸರುಗಳು ತಮ್ಮ ಬಿಸಿಯನ್ನು ತಾವೇ ಅಳೆದುಕೊಳ್ಳುತ್ತವೆ. ಮಾದರಿಗೆ ತಕ್ಕಂತೆ 90ರಿಂದ 100 ಡಿಗ್ರಿಯ ಸುಮಾರಿಗೆ ಒಂದು ಮಿತಿ ಇರುತ್ತದೆ. ಅದು ಹತ್ತಿರವಾದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ. ಕೆಲಸ ನಿಧಾನವಾಗುತ್ತದೆ, ನಮಗೆ ಕಾರಣ ತಿಳಿಯುವುದಿಲ್ಲ, "ಕಂಪ್ಯೂಟರ್ ಹಳೆಯದಾಯಿತು" ಎಂದುಕೊಳ್ಳುತ್ತೇವೆ. ಆದರೂ ಬಿಸಿ ಏರುತ್ತಲೇ ಹೋದರೆ ತನ್ನ ಜೀವ ಉಳಿಸಿಕೊಳ್ಳಲು ಪೂರ್ತಿ ಆಫ್ ಆಗುತ್ತದೆ. ಅಂದರೆ ನನ್ನ ತಂಗಿಯ ಮಗಳ ಕಂಪ್ಯೂಟರ್ ಸತ್ತಿರಲಿಲ್ಲ, ಸಾಯದಿರಲು ಒದ್ದಾಡುತ್ತಿತ್ತು.

ಭಾನುವಾರ ಹೋಗಿ ನೋಡಿದೆ. ನೋಡಿದ ಕೂಡಲೇ ಅರ್ಧ ಕಾರಣ ಗೊತ್ತಾಯಿತು.

ಕಂಪ್ಯೂಟರ್ ಟೇಬಲ್ ಚೆಂದದ್ದೇ. ಬಲಗಡೆ ಬಾಗಿಲಿರುವ ಒಂದು ಗೂಡು, ಅದರೊಳಗೆ ಪೆಟ್ಟಿಗೆ. ಹಿಂದುಗಡೆ ಪ್ಲೈವುಡ್ ಹಲಗೆ, ವಯರು ಹೋಗಲು ಮುಷ್ಟಿಯಷ್ಟು ತೂತು. ಮಕ್ಕಳು ಸ್ವಿಚ್ಚು ಒತ್ತದಿರಲೆಂದು ಗೂಡಿನ ಬಾಗಿಲು ಸದಾ ಮುಚ್ಚಿರುತ್ತಿತ್ತು. ಪೆಟ್ಟಿಗೆಯ ತಲೆಯ ಮೇಲೆ ಅತ್ತೆಯವರು ಕ್ರೋಶಾದಲ್ಲಿ ಹೆಣೆದ ಬಿಳಿ ಕವರು, ಅದರ ಅಂಚಿಗೆ ಗುಲಾಬಿ ಹೂ. ಪೆಟ್ಟಿಗೆಯ ಮೇಲ್ಭಾಗದಲ್ಲಿದ್ದ ಗಾಳಿಕಿಂಡಿಗಳೆಲ್ಲ ಆ ಕವರಿನ ಕೆಳಗೆ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏಕೆಂದರೆ 2004ರಲ್ಲಿ ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದಾಗ ನಾನೂ ಅದಕ್ಕೆ ಜರಿಯಂಚಿನ ಕವರು ಹೊಲಿದಿದ್ದೆ. ಧೂಳು ಬೀಳದಿರಲೆಂದು ಅದು ಆನ್ ಇರುವಾಗಲೂ ಹಿಂಭಾಗವನ್ನು ಮುಚ್ಚಿಯೇ ಇಡುತ್ತಿದ್ದೆ. ಎರಡೇ ವರ್ಷದಲ್ಲಿ ಅದು ಕೈಕೊಟ್ಟಿತು. ಬಿಚ್ಚಿದಾಗ ಬೋರ್ಡಿನ ಮೇಲಿನ ಕೆಪಾಸಿಟರುಗಳು ಪೂರಿಯಂತೆ ಉಬ್ಬಿದ್ದವು. ಆ ವರ್ಷಗಳಲ್ಲಿ ತಯಾರಾದ ಕೆಪಾಸಿಟರುಗಳಲ್ಲಿ ದೋಷವಿದ್ದವು ಬಹಳ ಇದ್ದವೆಂಬುದು ನಿಜ. ಆದರೆ ಆ ಬಗೆಯ ಕೆಪಾಸಿಟರಿನ ಆಯುಷ್ಯ 10 ಡಿಗ್ರಿ ಬಿಸಿ ಏರಿದಾಗಲೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದೂ ಇಂಜಿನಿಯರುಗಳ ಲೆಕ್ಕ. ಜರಿಯಂಚಿನ ಕವರು ಅದರ ಆಯುಷ್ಯವನ್ನು ಎಷ್ಟು ತಿಂದಿತೋ ಲೆಕ್ಕ ಹಾಕಿದವರಿಲ್ಲ.

ಆ ಕಾಲದಲ್ಲಿ ಇದು ಗೊತ್ತಿಲ್ಲದ್ದು ನಮಗೆ ಮಾತ್ರವೇನೂ ಅಲ್ಲ. 1989ರಲ್ಲಿ ಬಂದ 486 ಪ್ರೊಸೆಸರುಗಳಲ್ಲಿ ಮೊದಮೊದಲಿನವು ಫ್ಯಾನೇ ಇಲ್ಲದೆ ನಡೆಯುತ್ತಿದ್ದವು. 1995ರಲ್ಲಿ ಇಂಟೆಲ್ ಕಂಪೆನಿ ಇಂದಿಗೂ ಬಳಕೆಯಲ್ಲಿರುವ ಎಟಿಎಕ್ಸ್ ಎಂಬ ಪೆಟ್ಟಿಗೆಯ ಮಾದರಿಯನ್ನು ರೂಪಿಸಿದಾಗ, ವಿದ್ಯುತ್ ಸರಬರಾಜಿನ ಡಬ್ಬಿಯ ಫ್ಯಾನು ಹೊರಗಿನ ಗಾಳಿಯನ್ನು ಒಳಗೆ ಊದಬೇಕೆಂದೇ ಯೋಚಿಸಿದ್ದರು. ಆ ಡಬ್ಬಿಯನ್ನು ಹಾದು ಬಿಸಿಯಾದ ಗಾಳಿ ಪ್ರೊಸೆಸರಿನ ಮೇಲೆ ಬೀಳುತ್ತದೆಂದು ಅನುಭವವಾದ ಮೇಲೆ ಅದನ್ನು ತಿರುಗಿಸಿದರು. 2004ರಲ್ಲಿ ಪೆಂಟಿಯಂ 4ರ ಹೊಸ ಮಾದರಿ 100 ವ್ಯಾಟ್ ದಾಟಿತು. ಅದೇ ವರ್ಷ ಮೇ ತಿಂಗಳಲ್ಲಿ ಅದರ ಮುಂದಿನ ಮಾದರಿಯನ್ನೇ ಇಂಟೆಲ್ ಕೈಬಿಟ್ಟು, ಬಿಸಿ ಏರಿಸುತ್ತಾ ವೇಗ ಹೆಚ್ಚಿಸುವ ದಾರಿಯನ್ನು ಬಿಟ್ಟು ಒಂದರಲ್ಲೇ ಎರಡು ಕೋರ್ ಇರುವ ಪ್ರೊಸೆಸರುಗಳತ್ತ ಹೊರಳಿತು. ಗಾಳಿ ನೇರವಾಗಿ ಹರಿಯಲೆಂದು ಬಿಟಿಎಕ್ಸ್ ಎಂಬ ಬೇರೆಯೇ ಪೆಟ್ಟಿಗೆ ತಂದರು, 2006ರ ಹೊತ್ತಿಗೆ ಅದನ್ನೂ ಬಿಟ್ಟರು. ಹಾಗೆಂದು ಬಿಸಿ ಕಡಿಮೆಯಾಗಲಿಲ್ಲ. 2025ರಲ್ಲಿ ಬಂದ ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡೊಂದು ತಾನೊಂದೇ 575 ವ್ಯಾಟ್ ಬಳಸುತ್ತದೆ. ನಮ್ಮಂಥವರ ಮನೆಗೆ ಅದು ಬೇಡ ಬಿಡಿ.

ಕೆಲಸಕ್ಕೆ ಬರೋಣ. ಮೊದಲು ಬಿಸಿ ಎಷ್ಟಿದೆಯೆಂದು ಅಳೆಯಬೇಕು. ಜ್ವರ ನೋಡದೆ ಔಷಧ ಕೊಡುವವರುಂಟೇ? ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬಯಾಸ್ ಪುಟದಲ್ಲಿ ಪ್ರೊಸೆಸರಿನ ಉಷ್ಣತೆ ಕಾಣಿಸುತ್ತದೆ. ಆದರೆ ಅದು ಸುಮ್ಮನಿರುವಾಗಿನ ಲೆಕ್ಕ. ಕೆಲಸ ಮಾಡುವಾಗಿನದು ಬೇಕಾದರೆ ಎಚ್‌ಡಬ್ಲ್ಯೂಇನ್ಫೋ, ಕೋರ್ ಟೆಂಪ್ ಮುಂತಾದ ತಂತ್ರಾಂಶಗಳಿವೆ, ಮನೆಬಳಕೆಗೆ ಹಣ ಕೊಡಬೇಕಾಗಿಲ್ಲ. ಅದನ್ನು ತೆರೆದಿಟ್ಟು, ಆಕೆಗೆ ಎಂದಿನ ಹಾಗೆ ಒಂದು ವಿಡಿಯೋ ತಯಾರಿಸಲು ಹೇಳಿದೆ. ಹತ್ತು ನಿಮಿಷದಲ್ಲಿ ಅಂಕಿ 98ಕ್ಕೆ ಏರಿತು, 100 ಮುಟ್ಟಿತು. ಸಾಕು ಎಂದು ನಿಲ್ಲಿಸಿದೆ.

ಕವರು ತೆಗೆದು, ಪೆಟ್ಟಿಗೆಯನ್ನು ಗೂಡಿನಿಂದ ಹೊರತಂದು ಟೇಬಲಿನ ಪಕ್ಕದಲ್ಲಿ ಸಣ್ಣ ಸ್ಟೂಲಿನ ಮೇಲಿಟ್ಟೆ. ಗೋಡೆಗೂ ಅದಕ್ಕೂ ಒಂದು ಗೇಣು ಅಂತರ ಬಿಟ್ಟೆ. ಮತ್ತೆ ಅದೇ ಕೆಲಸ. ಈ ಸಲ 91ರಲ್ಲಿ ನಿಂತಿತು. ಒಂದು ರೂಪಾಯಿ ಖರ್ಚಿಲ್ಲದೆ ಅಷ್ಟು ಇಳಿದದ್ದು ಹೇಗೆ? ಮುಚ್ಚಿದ ಗೂಡಿನಲ್ಲಿ ಪೆಟ್ಟಿಗೆ ಹಿಂದಿನಿಂದ ಉಗುಳಿದ ಬಿಸಿಗಾಳಿಗೆ ಹೋಗಲು ಜಾಗವಿರಲಿಲ್ಲ. ಅದೇ ಗಾಳಿ ಸುತ್ತಿ ಮುಂದೆ ಬಂದು ಮತ್ತೆ ಒಳಹೋಗುತ್ತಿತ್ತು.

91 ಕೂಡ ಹೆಚ್ಚೇ. ಈಗ ಇನ್ನೊಂದು ಪರೀಕ್ಷೆ. ಪೆಟ್ಟಿಗೆಯ ಒಂದು ಬದಿಯ ಹಲಗೆಯನ್ನು ತೆಗೆದು ಅದೇ ಕೆಲಸ ಮಾಡಿಸಿ ನೋಡುವುದು. ಹಲಗೆ ತೆಗೆದಾಗ ಬಿಸಿ ಒಂದೆರಡು ಡಿಗ್ರಿ ಮಾತ್ರ ಇಳಿದರೆ ಪೆಟ್ಟಿಗೆಯ ಗಾಳಿ ಓಡಾಟ ಸರಿಯಾಗಿದೆ, ತೊಂದರೆ ಪ್ರೊಸೆಸರಿನ ಮೇಲಿನ ಕೂಲರಿನಲ್ಲಿದೆ ಎಂದರ್ಥ. ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ಪೆಟ್ಟಿಗೆಯೇ ಉಸಿರು ಕಟ್ಟಿದೆ. ನಮಗೆ 84 ಬಂತು. ಹಾಗಾದರೆ ಹಲಗೆ ತೆಗೆದೇ ಇಟ್ಟು, ಪಕ್ಕದಲ್ಲೊಂದು ಟೇಬಲ್ ಫ್ಯಾನು ಇಡಬಾರದೇಕೆ ಎಂದು ಅತ್ತೆಯವರು ಕೇಳಿದರು. ಬಹಳ ಮನೆಗಳಲ್ಲಿ ಹಾಗೆ ಮಾಡುತ್ತಾರೆ ಸಹ. ತುರ್ತಿಗೆ ನಡೆಯುತ್ತದೆ, ಆದರೆ ತಿಂಗಳೊಳಗೆ ಧೂಳು ತುಂಬುತ್ತದೆ, ಹಲ್ಲಿ ಹೋಗುತ್ತದೆ, ತೆವಳುವ ಮಗುವಿನ ಕೈ ಹೋಗುತ್ತದೆ.

ಗಾಳಿ ಯಾವ ಕಡೆ ಹೋಗುತ್ತಿದೆ ಎಂದು ನೋಡಲು ಟಿಶ್ಯೂ ಕಾಗದದ ಒಂದು ಎಳೆಯನ್ನು ಹಿಡಿದರೆ ಸಾಕು. ಮುಂದಿನ ಎರಡು ಫ್ಯಾನುಗಳ ಎದುರು ಹಿಡಿದೆ. ಕಾಗದ ಪೆಟ್ಟಿಗೆಗೆ ಅಂಟಿಕೊಂಡಿತು, ಅಂದರೆ ಒಳಗೆ ಎಳೆಯುತ್ತಿವೆ, ಸರಿ. ಹಿಂದಿನ ಫ್ಯಾನಿಗೆ ಹಿಡಿದೆ. ಅಲ್ಲೂ ಅಂಟಿಕೊಂಡಿತು! ಹೊರಹಾಕಬೇಕಾದ ಫ್ಯಾನನ್ನು ಜೋಡಿಸಿದವರು ತಿರುವುಮುರುವಾಗಿ ಕೂರಿಸಿದ್ದರು. ಮೂರು ಫ್ಯಾನುಗಳೂ ಒಳಗೇ ಊದುತ್ತಿದ್ದವು, ಬಿಸಿಗಾಳಿ ಹೊರಹೋಗಲು ಇದ್ದದ್ದು ಕ್ರೋಶಾ ಕವರಿನ ಕೆಳಗಿನ ಕಿಂಡಿಗಳು ಮಾತ್ರ. ಮೂರು ವರ್ಷದಿಂದ ಹೀಗೇ ಇತ್ತು. ಧೂಳು ಕಡಿಮೆಯಿದ್ದಾಗ ಹೇಗೋ ಸಾಗಿತ್ತು.

ಫ್ಯಾನಿನ ದಿಕ್ಕು ತಿಳಿಯುವುದು ಸುಲಭ. ಅದರ ಒಂದು ಮುಖ ತೆರೆದಿರುತ್ತದೆ, ಇನ್ನೊಂದು ಮುಖದಲ್ಲಿ ಮೋಟಾರನ್ನು ಹಿಡಿದಿಟ್ಟ ಮೂರು ನಾಲ್ಕು ಪ್ಲಾಸ್ಟಿಕ್ ಕಡ್ಡಿಗಳಿರುತ್ತವೆ. ಸಾಮಾನ್ಯವಾಗಿ ಗಾಳಿ ತೆರೆದ ಮುಖದಿಂದ ಒಳಸೇರಿ ಕಡ್ಡಿಗಳಿರುವ ಮುಖದಿಂದ ಹೊರಬರುತ್ತದೆ. ಕೆಲವು ಫ್ಯಾನುಗಳ ಅಂಚಿನಲ್ಲಿ ಬಾಣದ ಗುರುತೂ ಇರುತ್ತದೆ. ಈಚೆಗೆ ಚೆಂದ ಕಾಣಲೆಂದು ತಿರುವು ರೆಕ್ಕೆಯ ಫ್ಯಾನುಗಳು ಬಂದಿವೆ, ಅವುಗಳಲ್ಲಿ ಇದು ಉಲ್ಟಾ. ಆದ್ದರಿಂದ ಕಡೆಯ ಸಾಕ್ಷಿ ಟಿಶ್ಯೂ ಕಾಗದವೇ.

ನಮ್ಮ ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ನೆನಪಿಸಿಕೊಂಡರೆ ಈ ವಿದ್ಯೆಯೆಲ್ಲ ಅರ್ಥವಾಗುತ್ತದೆ. ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಎಕ್ಸಾಸ್ಟ್ ಹಾಕಿದರೆ ಅದು ಸದ್ದು ಮಾಡುತ್ತದೆಯೇ ಹೊರತು ಹೊಗೆ ಹೋಗುವುದಿಲ್ಲ, ಏಕೆಂದರೆ ಹೊರಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಬರಬೇಕು. ಎಕ್ಸಾಸ್ಟಿನ ಪಕ್ಕದ ಕಿಟಕಿಯನ್ನೇ ತೆರೆದರೆ? ಆ ಕಿಟಕಿಯಿಂದ ಬಂದ ಗಾಳಿ ನೇರ ಎಕ್ಸಾಸ್ಟಿಗೆ ಹೋಗುತ್ತದೆ, ಒಲೆಯ ಮೇಲಿನ ಹೊಗೆ ಅಲ್ಲೇ ಉಳಿಯುತ್ತದೆ. ಎದುರು ಬದಿಯ ಕಿಟಕಿ ತೆರೆದರೆ ಗಾಳಿ ಒಲೆಯನ್ನು ದಾಟಿಕೊಂಡು ಹೋಗುತ್ತದೆ. ಕಂಪ್ಯೂಟರ್ ಪೆಟ್ಟಿಗೆಗೂ ಹಾಗೆಯೇ: ಮುಂದೆ ಮತ್ತು ಕೆಳಗೆ ಒಳಬರುವ ದಾರಿ, ಹಿಂದೆ ಮತ್ತು ಮೇಲೆ ಹೊರಹೋಗುವ ದಾರಿ, ನಡುವೆ ಬಿಸಿಯಾಗುವ ಭಾಗಗಳು. ಮೇಲ್ಭಾಗದಲ್ಲಿ ಹೊರಹಾಕುವ ಫ್ಯಾನು ಹಾಕುವುದಾದರೆ ಅದು ಹಿಂದುಗಡೆಗೆ ಇರಲಿ. ಮೇಲೆ ಮುಂದುಗಡೆ ಹಾಕಿದರೆ, ಆಗಷ್ಟೇ ಒಳಬಂದ ತಂಪು ಗಾಳಿಯನ್ನು ಅದು ಪ್ರೊಸೆಸರಿಗೆ ತಲುಪುವ ಮೊದಲೇ ಎತ್ತಿ ಹೊರಹಾಕುತ್ತದೆ. ಪಕ್ಕದ ಕಿಟಕಿಯ ಕಥೆಯೇ.

ದುಬೈಯಲ್ಲಿರುವ ನಮ್ಮ ಓದುಗರು ಅಲ್ ಫಹೀದಿಯ ಹಳೆಯ ಬೀದಿಗಳನ್ನು ನೋಡಿರಬಹುದು. ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿಸಿದ ಮನೆಗಳ ಮೇಲೆ ಬರ್ಜೀಲ್ ಎಂಬ ಚೌಕಾಕಾರದ ಗಾಳಿಗೋಪುರಗಳಿವೆ. ಗಾಳಿ ಬೀಸುವ ಕಡೆಯ ಬಾಯಿಂದ ತಂಗಾಳಿ ಕೆಳಗಿನ ಕೋಣೆಗೆ ಇಳಿಯುತ್ತದೆ, ಇನ್ನೊಂದು ಕಡೆಯಿಂದ ಬಿಸಿಗಾಳಿ ಮೇಲೇರಿ ಹೋಗುತ್ತದೆ. ಕರೆಂಟೇ ಇಲ್ಲದ ಕಾಲದಲ್ಲಿ ಮರುಭೂಮಿಯ ಸೆಕೆಯನ್ನು ಅವರು ಹೀಗೆ ತಡೆದುಕೊಂಡರು. ಒಳಬರಲು ಒಂದು ದಾರಿ, ಹೊರಹೋಗಲು ಬೇರೆ ದಾರಿ ಎಂಬುದು ಅವರ ಮೇಸ್ತ್ರಿಗಳಿಗೆ ಗೊತ್ತಿತ್ತು, ನಮ್ಮ ಕಂಪ್ಯೂಟರ್ ಜೋಡಿಸಿದಾತನಿಗೆ ಗೊತ್ತಿರಲಿಲ್ಲ.

ಬಿಸಿಗಾಳಿ ತಾನಾಗಿ ಮೇಲೇರುತ್ತದೆ ಎಂಬುದು ನಿಜ. ಆದರೆ ಅಂಗೈಯಗಲದ ಒಂದು ಫ್ಯಾನಿನ ಬಲದ ಮುಂದೆ ಆ ಏರುವ ಬಲ ಏನೇನೂ ಅಲ್ಲ. ಫ್ಯಾನು ನೂಕಿದ ಕಡೆಗೇ ಗಾಳಿ ಹೋಗುತ್ತದೆ. ಹಾಗಾಗಿ ಫ್ಯಾನುಗಳು ಒಂದಕ್ಕೊಂದು ಎದುರಾಗದಂತೆ ಇಡುವುದೇ ಮುಖ್ಯ.

ಮುಂದಿನ ಕೆಲಸ ಧೂಳು. ಪ್ಲಗ್ ತೆಗೆದು, ಪೆಟ್ಟಿಗೆಯನ್ನು ಹಿತ್ತಿಲಿಗೆ ಒಯ್ದು ಬಿಚ್ಚಿದೆವು. ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳ ಮಧ್ಯೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಬ್ಲೋವರಿನಿಂದ ಊದಿಸಿದರೆ ಒಂದಿಷ್ಟು ಹೋಯಿತು, ಉಳಿದದ್ದು ಜಿಗುಟಾಗಿ ಅಂಟಿತ್ತು. ಆ ಜಿಗುಟು ಎಲ್ಲಿಂದ? ಆ ಕೋಣೆಯ ಪಕ್ಕದಲ್ಲೇ ಅಡಿಗೆಮನೆ. ಮೀನು ಹುರಿಯುವ ಎಣ್ಣೆಯ ಹಬೆ, ಸಂಜೆಯ ಸೊಳ್ಳೆಬತ್ತಿಯ ಹೊಗೆ, ಮಗು ಹುಟ್ಟಿದಾಗ ನಲವತ್ತು ದಿನ ಹಾಕಿದ ಲೋಬಾನದ ಹೊಗೆ, ಎಲ್ಲ ಅಲ್ಲಿ ಬಂದು ಕುಳಿತಿತ್ತು. ಹೊಗೆ ಧೂಳಿಗೆ ಅಂಟಿನಂತೆ. ಹಳೆಯ ಮೆತ್ತಗಿನ ಬ್ರಶ್ಶಿನಿಂದ ನಿಧಾನವಾಗಿ ತೆಗೆಯಬೇಕಾಯಿತು.

ಇಲ್ಲಿ ಕೆಲವು ಎಚ್ಚರಿಕೆ. ಊದಿಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಬೋರ್ಡಿಗೆ ತಾಗಿಸಬೇಡಿ, ಅದರಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ ಸೂಕ್ಷ್ಮ ಭಾಗಗಳನ್ನು ಸುಡಬಲ್ಲದು. ವಿದ್ಯುತ್ ಸರಬರಾಜಿನ ಡಬ್ಬಿಯನ್ನು ಹೊರಗಿನಿಂದ ಊದಿಸಿ ಅಷ್ಟೇ, ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದೆ.

ಕೂಲರನ್ನು ಮೆಲ್ಲಗೆ ಅಲುಗಿಸಿ ನೋಡಿದಾಗ ಇನ್ನೊಂದು ಗುಟ್ಟು ಹೊರಬಿತ್ತು. ಅದನ್ನು ಬೋರ್ಡಿಗೆ ಹಿಡಿದಿಡುವ ನಾಲ್ಕು ಗುಂಡಿಗಳಲ್ಲಿ ಒಂದು ಸಡಿಲವಾಗಿತ್ತು. ಬಾಡಿಗೆ ಮನೆ ಬದಲಿಸುವಾಗ ಆಟೋದಲ್ಲಿ ಕುಲುಕಿರಬೇಕು. ಒಂದು ಮೂಲೆ ಎದ್ದರೂ ಲೋಹ ಪ್ರೊಸೆಸರಿಗೆ ಸರಿಯಾಗಿ ಒತ್ತುವುದಿಲ್ಲ. ಹಳೆಯ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಅದನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ, ನಾಲ್ಕೂ ಗುಂಡಿಗಳನ್ನು ಟಕ್ ಎನ್ನುವ ತನಕ ಒತ್ತಿದೆವು. ಹೆಚ್ಚು ಪೇಸ್ಟ್ ಹಾಕಿದರೆ ಹೆಚ್ಚು ತಂಪು ಎಂಬ ಆಸೆ ಬೇಡ, ಅದರ ಕೆಲಸ ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದು ತುಂಬುವುದು ಮಾತ್ರ.

ಜೋಡಿಸಿ ನೋಡಿದಾಗ 79. ಹಿಂದಿನ ಫ್ಯಾನಿನ ನಾಲ್ಕು ತಿರುಪು ಬಿಚ್ಚಿ ತಿರುಗಿಸಿ ಕೂರಿಸಿದ ಮೇಲೆ 73. ಕೋಣೆ ಆಗಲೂ 33 ಡಿಗ್ರಿಯೇ. ಖರ್ಚಾದದ್ದು ಪೇಸ್ಟಿಗೆ ಮತ್ತು ಆಲ್ಕೊಹಾಲಿಗೆ, ಎರಡೂ ಸೇರಿ ಒಂದು ಕಿಲೋ ಅಂಜಲ್ ಮೀನಿನ ಕ್ರಯವೂ ಆಗಲಿಲ್ಲ.

ಹೊಸದಾಗಿ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮಾತುಗಳಿವೆ. ಈಗ ಪೆಟ್ಟಿಗೆಗಳ ಮುಂಭಾಗಕ್ಕೆ ಗಾಜು ಹಾಕಿ, ಒಳಗೆ ಬಣ್ಣದ ದೀಪ ಹೊತ್ತಿಸಿ ಮಾರುತ್ತಾರೆ. ಮಕ್ಕಳು ಅದಕ್ಕೇ ಹಟ ಮಾಡುತ್ತಾರೆ. ಗಾಜಿನ ಹಿಂದಿರುವ ಫ್ಯಾನು ಗೋಡೆಗೆ ಮುಖ ಮಾಡಿ ಉಸಿರೆಳೆಯುವವನ ಹಾಗೆ. ಮುಂಭಾಗ ಜಾಲರಿಯಿರುವ ಪೆಟ್ಟಿಗೆ ಕೇಳಿ. ನೋಡಲು ಸಪ್ಪೆಯಾದರೂ ನಮ್ಮ ಕರಾವಳಿಯ ಸೆಕೆಗೆ ಅದೇ ಸರಿ. ಜಾಲರಿಯ ಹಿಂದೆ ತೆಗೆದು ತೊಳೆಯಬಹುದಾದ ಫಿಲ್ಟರ್ ಇದೆಯೇ ನೋಡಿ.

ಎಷ್ಟು ಫ್ಯಾನು ಬೇಕು? 120 ಮಿಲಿಮೀಟರಿನ ಒಂದು ಫ್ಯಾನು ಡಬ್ಬಿಯ ಮೇಲೆ ಬರೆದಂತೆ ನಿಮಿಷಕ್ಕೆ ಸುಮಾರು 50 ಘನ ಅಡಿ ಗಾಳಿ ನೂಕುತ್ತದೆ. ನಾವು ಮೊದಲು ಹಾಕಿದ ಬಕೆಟ್ ಲೆಕ್ಕ ಆ ಅಳತೆಯಲ್ಲಿ 44 ಆಗುತ್ತದೆ. ಒಂದೇ ಸಾಕಲ್ಲವೇ ಎನ್ನಬಹುದು. ಆದರೆ ಡಬ್ಬಿಯ ಅಂಕಿ ಎದುರಿಗೆ ಏನೂ ಅಡ್ಡಿಯಿಲ್ಲದಾಗಿನದು. ಜಾಲರಿ, ಫಿಲ್ಟರ್, ವಯರುಗಳ ಗೋಜಲು ಎಲ್ಲ ದಾಟುವಾಗ ಅದು ಬಹಳ ಕುಗ್ಗುತ್ತದೆ. ಆದ್ದರಿಂದ ಮುಂದೆ ಎರಡು, ಹಿಂದೆ ಒಂದು. ಸಾಧಾರಣ ಮನೆಗೆಲಸದ ಕಂಪ್ಯೂಟರಿಗೆ ಇದಕ್ಕಿಂತ ಹೆಚ್ಚು ಬೇಡ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮೇಲ್ಭಾಗದ ಹಿಂಬದಿಗೆ ಇನ್ನೊಂದು.

ಒಳಗೆ ಎರಡು, ಹೊರಗೆ ಒಂದು ಎಂಬುದರಲ್ಲಿ ಒಂದು ಜಾಣತನವಿದೆ. ಹೊರಹೋಗುವುದಕ್ಕಿಂತ ಒಳಬರುವ ಗಾಳಿ ಸ್ವಲ್ಪ ಹೆಚ್ಚಿದ್ದಾಗ ಪೆಟ್ಟಿಗೆಯೊಳಗಿನ ಒತ್ತಡ ಹೆಚ್ಚಾಗಿ, ಸಂದುಗೊಂದುಗಳಲ್ಲೆಲ್ಲ ಗಾಳಿ ಹೊರಗೆ ಸೋರುತ್ತದೆ. ಧೂಳು ಫಿಲ್ಟರಿನ ಮೂಲಕ ಮಾತ್ರ ಬರಬೇಕಾಗುತ್ತದೆ. ಹೊರಹಾಕುವುದೇ ಹೆಚ್ಚಾದರೆ ಎಲ್ಲ ಬಿರುಕುಗಳಿಂದಲೂ ಧೂಳು ಒಳಗೆಳೆಯಲ್ಪಡುತ್ತದೆ. ಮಣ್ಣಿನ ರಸ್ತೆಯ ಪಕ್ಕದ ಮನೆಯವರಿಗೆ ಇದರ ವ್ಯತ್ಯಾಸ ಆರೇ ತಿಂಗಳಲ್ಲಿ ಕಾಣುತ್ತದೆ. ಫಿಲ್ಟರ್ ಕಟ್ಟಿಕೊಂಡಾಗ ಒಳಬರುವುದು ತಾನಾಗಿ ಕಡಿಮೆಯಾಗಿ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಸದ್ದಿನ ವಿಷಯವೂ ಇದೆ. ಮಗು ಮಲಗಿರುವ ಕೋಣೆಯಲ್ಲಿ ಫ್ಯಾನು ಕಿರುಚಿದರೆ ಕಷ್ಟ. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಸಣ್ಣ ಫ್ಯಾನು ಓಡೋಡಿ ನೂಕುವಷ್ಟೇ ಗಾಳಿ ನೂಕುತ್ತದೆ. 80ರ ಫ್ಯಾನಿಗಿಂತ 120ರ ಫ್ಯಾನಿನ ವಿಸ್ತೀರ್ಣ ಎರಡೂಕಾಲು ಪಟ್ಟು. ವೇಗ ಅರ್ಧ ಮಾಡಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ಪಿನ್ನಿನ ಫ್ಯಾನು ಕೊಂಡರೆ, ಬಿಸಿ ಏರಿದಾಗ ಮಾತ್ರ ಜೋರಾಗಿ ತಿರುಗುವಂತೆ ಬಯಾಸಿನಲ್ಲೇ ಹೊಂದಿಸಬಹುದು. ನೇರ ವಿದ್ಯುತ್ ಡಬ್ಬಿಗೆ ಜೋಡಿಸಿದರೆ ಹಗಲೂ ರಾತ್ರಿ ಒಂದೇ ಸದ್ದು. ಮೂರು ಫ್ಯಾನು ನಿಧಾನವಾಗಿ ತಿರುಗುವುದು ಒಂದು ಫ್ಯಾನು ಜೋರಾಗಿ ತಿರುಗುವುದಕ್ಕಿಂತ ಒಳ್ಳೆಯದು.

ಇನ್ನು, ವಿದ್ಯುತ್ ಡಬ್ಬಿ ಪೆಟ್ಟಿಗೆಯ ತಳದಲ್ಲಿದ್ದರೆ ಅದು ಕೆಳಗಿನಿಂದ ಗಾಳಿ ಎಳೆಯುತ್ತದೆ. ಜಮಖಾನದ ಮೇಲೆ ಇಟ್ಟರೆ ಅದರ ಬಾಯಿ ಮುಚ್ಚಿದಂತೆ. ನಾಲ್ಕು ಕಾಲಿನ ಸ್ಟೂಲು ಅಥವಾ ಒಂದು ಮಣೆ ಸಾಕು.

ಒಂದು ಮಾತು ನೆನಪಿರಲಿ. ತಂಪು ಹೊತ್ತಿನಲ್ಲೂ, ಆನ್ ಮಾಡಿದ ಕೂಡಲೇ, ಬಿಸಿ 50 ಡಿಗ್ರಿ ಇರುವಾಗಲೂ ನಿಂತುಹೋದರೆ ಅದು ಸೆಕೆಯ ಕಾಯಿಲೆಯಲ್ಲ. ಆಗ ವಿದ್ಯುತ್ ಡಬ್ಬಿಯನ್ನೋ ಮೆಮೊರಿಯನ್ನೋ ಬೇರೆಯದರೊಂದಿಗೆ ಬದಲಿಸಿ ನೋಡಬೇಕು. ಅಂಗಡಿಗೆ ಹೋಗಲೇಬೇಕು. ಆದರೆ ಹೋಗುವಾಗ ಉಷ್ಣತೆಯ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಂಕಿ ಹಿಡಿದು ಬಂದ ಹೆಂಗಸಿನ ಜೊತೆ ಅಂಗಡಿಯವರ ಮಾತು ಬೇರೆಯೇ ಆಗಿರುತ್ತದೆ, ಇದು ನನ್ನ ಅನುಭವ.

ಮೇ ತಿಂಗಳ ಬಿಸಿಲಿನಲ್ಲೂ ತಂಗಿಯ ಮಗಳ ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ಶವ್ವಾಲಿನಲ್ಲಿ ಬಂದಿದ್ದ ಎರಡು ಮದುವೆಗಳ ವಿಡಿಯೋ ಬಾಕಿಯಿತ್ತು, ಅದನ್ನು ಮುಗಿಸಿ ಕೊಟ್ಟಳು. ಪೆಟ್ಟಿಗೆ ಸ್ಟೂಲಿನ ಮೇಲೇ ಇದೆ. ಮಕ್ಕಳು ಸ್ವಿಚ್ಚು ಒತ್ತದಿರಲೆಂದು ಅದರ ಮೇಲೆ ಬಾಟಲಿಯ ಮುಚ್ಚಳವೊಂದನ್ನು ಟೇಪಿನಿಂದ ಅಂಟಿಸಿದ್ದಾಳೆ. ಖಾಲಿಯಾದ ಗೂಡಿನಲ್ಲಿ ಈಗ ಮಕ್ಕಳ ಶಾಲೆಯ ಪುಸ್ತಕಗಳಿವೆ. ಕ್ರೋಶಾ ಕವರಿನ ಬಗ್ಗೆ ಅತ್ತೆಯವರಿಗೆ ಸ್ವಲ್ಪ ಬೇಸರವಾಗಿತ್ತು. ಅಳತೆ ನೋಡಿದಾಗ ಅದು ಹೊಲಿಗೆ ಯಂತ್ರಕ್ಕೆ ಸರಿಯಾಗಿ ಕುಳಿತಿತು. ಹೊಲಿಗೆ ಯಂತ್ರ ಕಾಲಿನಿಂದ ತುಳಿಯುವಂಥದ್ದು, ಅದಕ್ಕೆ ಸೆಕೆಯಾಗುವುದಿಲ್ಲ.